ಅಂಗಾತ ಮಲಗಿದರೆ ವಿಲನ್... ಮಗ್ಗುಲಾದರೆ ಹೀರೋ!

ನಮ್ಮ ಸಿನಿಮಾಗಳಲ್ಲಿ ಗೊರಕೆ ಅಂದ್ರೆ ನಗೆ. ಹಾಸ್ಯನಟ ಬಾಯಿ ತೆರೆದು ಅಂಗಾತ ಬಿದ್ದಿರ್ತಾನೆ. 'ಗೊರ್' ಅಂದರೆ ಕಿಟಕಿ ಪರದೆ ಒಳಗೆ, 'ಪುಸ್' ಅಂದರೆ ಹೊರಗೆ! ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ!

ಆದರೆ ಅದೇ ಗೊರಕೆ ಇದ್ದಕ್ಕಿದ್ದಂತೆ ನಿಂತುಹೋದರೆ...? ಹತ್ತು ಸೆಕೆಂಡು... ಇಪ್ಪತ್ತು ಸೆಕೆಂಡು... ಉಸಿರೇ ಇಲ್ಲ! ಆಮೇಲೆ ನೀರಲ್ಲಿ ಮುಳುಗಿದವ ತಲೆ ಎತ್ತಿದಂತೆ ಒಂದು ಏದುಸಿರು, ಮತ್ತೆ ಗೊರಕೆ. ಇದು ಕಾಮಿಡಿ ಸೀನ್ ಅಲ್ಲ ಸ್ವಾಮಿ, ಸಸ್ಪೆನ್ಸ್ ಸೀನ್! ಡಾಕ್ಟರುಗಳು ಇದನ್ನು 'ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ' ಅಂತಾರೆ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ಕಟ್ಟುವ ಕಾಯಿಲೆ.

ಡಿಸ್ಕೋ ದೊರೆಯನ್ನು ಒಯ್ದ ಕಾಯಿಲೆ

ಬಪ್ಪಿ ಲಾಹಿರಿಯವರನ್ನು ಮರೆಯೋದುಂಟೆ? ಕತ್ತಿನ ತುಂಬ ಚಿನ್ನ, ಕಣ್ಣಿಗೆ ಕಪ್ಪು ಕನ್ನಡಕ. 1982ರ 'ಡಿಸ್ಕೋ ಡ್ಯಾನ್ಸರ್' ಚಿತ್ರದಿಂದ ಇಡೀ ದೇಶವನ್ನೇ ಕುಣಿಸಿದವರು. ದ್ವಾರಕೀಶ್ ಅವರ 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೆ ಸಂಗೀತ ಕೊಟ್ಟು ನಮ್ಮವರೂ ಆದವರು. 2022ರ ಫೆಬ್ರವರಿ 15ರ ರಾತ್ರಿ ಮುಂಬೈನಲ್ಲಿ ಅವರು ಕಣ್ಮುಚ್ಚಿದರು. ವಯಸ್ಸು 69. ಬೇರೆ ತೊಂದರೆಗಳೂ ಇದ್ದವು. ಆದರೆ ಸಾವಿಗೆ ಕಾರಣ ಅಂತ ಡಾಕ್ಟರು ಹೇಳಿದ್ದು ಇದೇ ಸ್ಲೀಪ್ ಆಪ್ನಿಯಾ! ಅಂದು ಎಷ್ಟೋ ಅಭಿಮಾನಿಗಳು ಈ ಹೆಸರು ಕೇಳಿದ್ದೇ ಮೊದಲ ಸಲ.

ಗಂಟಲೊಳಗಿನ ನಾಟಕ

ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿ ತೆರೆದಿಡುತ್ತವೆ. ನಿದ್ದೆ ಬಂದರೆ ಅವೂ ಸಡಿಲ. ಆಗ ನೀವು ಅಂಗಾತ ಮಲಗಿದ್ದರೆ? ಭೂಮಿಯ ಸೆಳೆತಕ್ಕೆ ನಾಲಿಗೆಯ ಬುಡ, ಕಿರುನಾಲಿಗೆ ಎಲ್ಲ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ. ಮಿದುಳು ಗಾಬರಿಯಾಗಿ ತಟ್ಟಿ ಎಬ್ಬಿಸುತ್ತೆ. ಬೆಳಿಗ್ಗೆ ನಿಮಗೆ ಅದರ ನೆನಪೇ ಇರೋದಿಲ್ಲ!

ಗಂಟೆಗೆ ಐದಕ್ಕಿಂತ ಕಡಿಮೆ ಸಲ ಹೀಗಾದರೆ ದೊಡ್ಡವರಿಗೆ ಮಾಮೂಲು. ಮೂವತ್ತು ದಾಟಿದರೆ ಕಾಯಿಲೆ ಜೋರು. ಈ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಂಗಾತ ಮಲಗಿದಾಗ ಉಸಿರುಕಟ್ಟೋದು ಮಗ್ಗುಲಾದಾಗಿನ ಎರಡರಷ್ಟು, ಅದಕ್ಕೂ ಹೆಚ್ಚು. ಅದೇ ಮನುಷ್ಯ, ಅದೇ ಗಂಟಲು. ಬದಲಾದದ್ದು ಬರೀ ಪೋಸು!

ಬೆನ್ನಿಗೆ ಟೆನಿಸ್ ಚೆಂಡು!

ಮಲಗುವ ಭಂಗಿಗೂ ಈ ಕಾಯಿಲೆಗೂ ಇರುವ ನಂಟನ್ನು 1984ರಲ್ಲಿ ಅಮೆರಿಕದ ರೊಸಾಲಿಂಡ್ ಕಾರ್ಟ್‌ರೈಟ್ ಎಂಬ ನಿದ್ರಾತಜ್ಞೆ ಅಳೆದು ತೋರಿಸಿದರು. ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿದುಕೊಂಡು ಮಲಗುವ ಉಪಾಯವೂ ಹಳೆಯದೇ. ಅಂಗಾತ ಹೊರಳಿದರೆ ಚೆಂಡು ಚುಚ್ಚುತ್ತೆ, ಮನುಷ್ಯ ಮತ್ತೆ ಮಗ್ಗುಲಾಗ್ತಾನೆ. ಆದರೆ ಈ ಚುಚ್ಚಾಟ ತಾಳಲಾರದೆ ಹೆಚ್ಚಿನವರು ಕೊನೆಗೆ ಚೆಂಡು ಕಿತ್ತೆಸೆಯುತ್ತಾರೆ. ಈಗ ಅಂಗಾತ ಹೊರಳಿದರೆ ಮೆಲ್ಲಗೆ ನಡುಗಿ ಎಚ್ಚರಿಸುವ ಪುಟ್ಟ ಯಂತ್ರಗಳು ಬಂದಿವೆ.

ಹಾಗಂತ ಮಗ್ಗುಲಾಗೋದು ಸರ್ವರೋಗಕ್ಕೂ ಮದ್ದಲ್ಲ. ಕೆಲವರಿಗೆ ಯಾವ ಮಗ್ಗುಲಾದರೂ ಉಸಿರು ಕಟ್ಟುತ್ತೆ. ಬೊಜ್ಜು ಮೈಯವರಲ್ಲಿ, ಕಾಯಿಲೆ ಬಲಿತವರಲ್ಲಿ ಇದು ಹೆಚ್ಚು. ಅಂಥವರಿಗೆ ಸಿಪ್ಯಾಪ್ ಮೆಷಿನ್ ಬೇಕು. ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲಿವನ್ 1981ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯ ಇದು. ಮೂಗಿಗೆ ಮಾಸ್ಕು, ಅದರಿಂದ ಸದಾ ಗಾಳಿಯ ಒತ್ತಡ. ಗಂಟಲು ಮುಚ್ಚೋಕೇ ಬಿಡೋದಿಲ್ಲ! ಇಲ್ಲೂ ಭಂಗಿಯ ಆಟವಿದೆ. ಅಂಗಾತ ಮಲಗಿದವನಿಗೆ ಹೆಚ್ಚು ಒತ್ತಡ ಬೇಕು, ಮಗ್ಗುಲಾದವನಿಗೆ ಸಾಮಾನ್ಯವಾಗಿ ಕಡಿಮೆ ಸಾಕು. ಆದರೆ 'ನಾನು ಮಗ್ಗುಲಾಗಿ ಮಲಗ್ತೀನಲ್ಲ' ಅಂತ ಡಾಕ್ಟರನ್ನು ಕೇಳದೆ ಮಾಸ್ಕು ಕಳಚಿಡಬೇಡಿ!

ಗೆಳೆಯನೇ ಕ್ಯಾಮರಾಮನ್

'ನಮಗೇನ್ರೀ, ಇನ್ನೂ ಹುಡುಗರು' ಅಂತೀರಾ? ಹಗಲೆಲ್ಲ ತೂಕಡಿಕೆ, ಬೆಳಿಗ್ಗೆ ತಲೆನೋವು, ದಪ್ಪ ಕತ್ತು, ಊರಿಗೇ ಕೇಳುವ ಗೊರಕೆ ಇದ್ದರೆ ವಯಸ್ಸು ನೋಡಬೇಡಿ. ಲಾರಿ, ಬಸ್ಸು, ಕ್ಯಾಬು ಓಡಿಸುವವರಂತೂ ಅಸಡ್ಡೆ ಮಾಡಲೇಬಾರದು. ಸ್ಟೀರಿಂಗ್ ಮುಂದೆ ಕಣ್ಣು ಒಂದು ಕ್ಷಣ ಮುಚ್ಚಿದರೆ ರೀಟೇಕ್ ಇಲ್ಲ!

ಮೊದಲು ಸುಲಭದ ಕೆಲಸ ಮಾಡಿ. ರೂಮ್‌ಮೇಟಿಗೆ ಹೇಳಿ ನಿಮ್ಮ ನಿದ್ದೆಯನ್ನು ಮೊಬೈಲಿನಲ್ಲಿ ಶೂಟಿಂಗ್ ಮಾಡಿಸಿ. ಅಂಗಾತ ಮಲಗಿದಾಗ ಒಂದಿಷ್ಟು, ಮಗ್ಗುಲಾದಾಗ ಒಂದಿಷ್ಟು. ಅದನ್ನು ಕಿವಿ-ಮೂಗು-ಗಂಟಲು ಡಾಕ್ಟರಿಗೋ ಶ್ವಾಸಕೋಶದ ಡಾಕ್ಟರಿಗೋ ತೋರಿಸಿ. ಬೇಕಿದ್ದರೆ ಅವರು ರಾತ್ರಿಯ ನಿದ್ರಾ ಪರೀಕ್ಷೆ ಬರೆದುಕೊಡ್ತಾರೆ. ಯಾವ ಭಂಗಿಯಲ್ಲಿ ಎಷ್ಟು ಸಲ ಉಸಿರು ನಿಂತಿತು ಅಂತ ಅದರಲ್ಲಿ ಲೆಕ್ಕ ಸಿಗುತ್ತೆ. ತೂಕ ಇಳಿಸಿ. ಮಲಗೋ ಮುಂಚೆ 'ಗುಂಡು' ಬೇಡವೇ ಬೇಡ, ಅದು ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತೆ.

ಪಕ್ಕದಲ್ಲಿ ಮಲಗಿದ ಗೆಳೆಯನ ಗೊರಕೆ ತಟ್ಟನೆ ನಿಂತರೆ 'ಸದ್ಯ, ನಿದ್ದೆ ಮಾಡಬಹುದು' ಅಂದುಕೊಳ್ಳಬೇಡಿ. ಮೆಲ್ಲಗೆ ತಟ್ಟಿ ಮಗ್ಗುಲಿಗೆ ಹೊರಳಿಸಿ. ಬೆಳಿಗ್ಗೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿ. ದೋಸ್ತಿ ಅಂದ್ರೆ ಅದು!