ಒಡೆದ ಕೈಗೆ ಗ್ಲಿಸರಿನ್

ಚಳಿಗಾಲದಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬು ಕಡಿಯುವವರ ಕೈ, ನಿಪ್ಪಾಣಿಯ ತಂಬಾಕು ಕೆಲಸದವರ ಕೈ, ನಮ್ಮಲ್ಲಿ ಅಡಿಕೆ ಸುಲಿಯುವವರ ಕೈ ಒಂದೇ ರೀತಿ ಒಡೆಯುತ್ತವೆ. ಕೊಬ್ಬರಿ ಎಣ್ಣೆಯಿಂದ ಸಾಬೂನು ಮಾಡುವಾಗ ಹುಟ್ಟುವ ಗ್ಲಿಸರಿನ್ ನೀರನ್ನು ಸೆಳೆದು ಹಿಡಿದಿಡುವ ವಸ್ತು. ಅದನ್ನು ಹಾಗೆಯೇ ಬಳಿದರೆ ಒಣಹವೆಯಲ್ಲಿ ಚರ್ಮದೊಳಗಿನ ತೇವವನ್ನೇ ಎಳೆದೀತು. ಆದ್ದರಿಂದ 1 ಚಮಚಕ್ಕೆ ಕುದಿಸಿ ಆರಿಸಿದ ನೀರು 4 ಚಮಚ ಬೆರೆಸಿ, ಕೈ ತೊಳೆದ ಹಸಿಯಲ್ಲೇ ಹಚ್ಚಿ, ಮೇಲೆ ತುಸು ಕೊಬ್ಬರಿ ಎಣ್ಣೆ ಸವರಬೇಕು. ಎಣ್ಣೆ ತೇವವನ್ನು ಬೇಗ ಆರಗೊಡದು.

ನಾವೊಮ್ಮೆ ಇದಕ್ಕೆ ಲೋಳೆಸರದ ತಿರುಳು ಸೇರಿಸಿ ಸೀಸೆ ತುಂಬಿಟ್ಟೆವು. ವಾರದೊಳಗೆ ಬೂಷ್ಟು ಹಿಡಿಯಿತು. ನೀರು ಬೆರೆತದ್ದನ್ನು ಎರಡು ದಿನಕ್ಕಾಗುವಷ್ಟೇ ಮಾಡಿಕೊಳ್ಳಿ. ಲೋಳೆಸರ ಬೇಕೆಂದರೆ ಕೊಯ್ದ ಎಲೆಯ ಹಳದಿ ರಸ ಮೊದಲು ಬಸಿದುಹೋಗಲಿ, ಅದು ತುರಿಕೆ ತರುತ್ತದೆ. ರಕ್ತ ಕಾಣುವ ಬಿರುಕಿಗೆ ಇದಾವುದೂ ಬೇಡ. ಆಳನ್ನು ವೈದ್ಯರ ಬಳಿಗೆ ಕಳಿಸಿರಿ.