ಹೊಳೆಯ ಹವ್ಯಾಸ ಮತ್ತು ಮೂರ್ಛೆರೋಗ: ಜತೆಯವರಿಗೆ ತಿಳಿದಿರಲಿ



ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ ಇವುಗಳ ವಿಚಾರ ಬರೆಯುವುದು ಈ ಪುಟದಲ್ಲಿ ನನ್ನ ರೂಢಿ. ಈ ಸಲ ಮನುಷ್ಯರಿಗೆ ಬರುವ ಒಂದು ಕಾಯಿಲೆಯ ವಿಚಾರ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ಸಂಘದ ಕೆಲಸ ಮುಗಿಸಿ ಒಂದು ಮಧ್ಯಾಹ್ನ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಾಮಾನು ಕೊಳ್ಳುತ್ತಿದ್ದೆ. ಎದುರಿನ ಅಂಗಡಿಯ ಮುಂದೆ ಒಬ್ಬ ಹುಡುಗ ದೊಪ್ಪನೆ ಬಿದ್ದ. ಕೈಕಾಲು ಸೆಟೆದು ಅದುರತೊಡಗಿದವು. ಜನ ಮುತ್ತಿಕೊಂಡರು. ಒಬ್ಬರು ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಚಪ್ಪಲಿ ಮೂಸಿಸಿದರು. ಮತ್ತೊಬ್ಬರು ಬಾಯಿಗೆ ನೀರು ಬಿಡಲು ಬಂದರು. ಅವರನ್ನೆಲ್ಲ ದೂರ ಸರಿಸಿ, ನನ್ನ ಟವೆಲ್ ಮಡಿಸಿ ಅವನ ತಲೆಯ ಕೆಳಗಿಟ್ಟು, ಗಡಿಯಾರ ನೋಡುತ್ತ ಕುಳಿತೆ. ಎರಡು ನಿಮಿಷಕ್ಕೆ ಅದುರುವುದು ನಿಂತಿತು. ಮಗ್ಗುಲಿಗೆ ಹೊರಳಿಸಿದೆ. ಆಗ ಮುಖ ನೋಡಿದರೆ, ನಮ್ಮ ಸಂಘದ ಸದಸ್ಯರೊಬ್ಬರ ಮಗ! ಕಾಲೇಜಿಗೆಂದು ಊರು ಬಿಟ್ಟು ಇಲ್ಲಿ ಕೋಣೆ ಮಾಡಿಕೊಂಡಿರುವವನು.

ಅರ್ಧ ಗಂಟೆಯ ಮೇಲೆ ಚೇತರಿಸಿಕೊಂಡ. ಚೀಲದಲ್ಲಿ ಒದ್ದೆ ಟವೆಲ್ಲು, ಈಜುವ ಚಡ್ಡಿ ಇದ್ದವು. ವಿಚಾರಿಸಿದಾಗ ಹೇಳಿದ: ದಿನಾ ಬೆಳಿಗ್ಗೆ ಗೆಳೆಯರ ಜತೆ ತುಂಗೆಯಲ್ಲಿ ಈಜು, ಭಾನುವಾರ ಗಾಳ. ಪರೀಕ್ಷೆಯ ಗಡಿಬಿಡಿಯಲ್ಲಿ ನಾಲ್ಕು ದಿನದಿಂದ ಮಾತ್ರೆ ನುಂಗಿಲ್ಲ, ನಿದ್ದೆಯೂ ಇಲ್ಲ.

"ಮಾವ, ಅಪ್ಪಯ್ಯಂಗೆ ಹೇಳ್ಬೇಡಿ. ಹೇಳಿದ್ರೆ ಹೊಳೆ ಕಡೆ ತಲೆ ಹಾಕಿ ಮಲಗಕ್ಕೂ ಬಿಡಲ್ಲ."

"ಜತೆಗೆ ಬರೋ ಹುಡುಗರಿಗೆ ನಿನ್ನ ಕಾಯಿಲೆ ಗೊತ್ತಾ?"

"ಇಲ್ಲ ಮಾವ."

ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು.

ಮೂವತ್ತು ವರ್ಷಕ್ಕೂ ಹಿಂದೆ, ಹಾಸ್ಟೆಲಿನಲ್ಲಿದ್ದಾಗ ನನ್ನ ಕೋಣೆಯ ಗೆಳೆಯನಿಗೂ ಇದೇ ಕಾಯಿಲೆ ಇತ್ತು. ನನಗೊಬ್ಬನಿಗೇ ಹೇಳಿ, ಯಾರಿಗೂ ತಿಳಿಸಬಾರದೆಂದು ಭಾಷೆ ತೆಗೆದುಕೊಂಡಿದ್ದ. ಒಳ್ಳೆಯ ಈಜುಗಾರ. ಒಂದು ಬೆಳಿಗ್ಗೆ ಐದಾರು ಹುಡುಗರ ಜತೆ ಹೊಳೆಗೆ ಹೋದ. ನಾನು ಹೋಗಲಿಲ್ಲ. ಅವನು ನೀರಿನೊಳಗೆ ಹೋದದ್ದನ್ನು ಎಲ್ಲರೂ ಕಂಡರು. ಮುಳುಗು ಹಾಕಿದ್ದಾನೆ, ಏಳುತ್ತಾನೆ ಎಂದುಕೊಂಡರು. ಏಳಲಿಲ್ಲ. ಅವರಲ್ಲಿ ಒಬ್ಬನಿಗಾದರೂ ತಿಳಿದಿದ್ದರೆ ಆ ಕ್ಷಣವೇ ಹಾರುತ್ತಿದ್ದ. ತಿಳಿದಿದ್ದವನು ನಾನೊಬ್ಬ, ನಾನು ಬಾಯಿ ಮುಚ್ಚಿಕೊಂಡಿದ್ದೆ. ಆದುದರಿಂದ ಈ ಹುಡುಗನ ಮಾತನ್ನು ನಡೆಸಿಕೊಡಲು ನನ್ನಿಂದಾಗಲಿಲ್ಲ. ಅವನನ್ನು ಕರೆದುಕೊಂಡೇ ಅವನ ಮನೆಗೆ ಹೋದೆ.

ಮುಚ್ಚಿಡುವುದೇಕೆ?

ತಂದೆಯ ಮೊದಲ ಮಾತು ನಿರೀಕ್ಷಿಸಿದ್ದೇ ಆಗಿತ್ತು: "ಇನ್ನು ಹೊಳೆ ಅಂದ್ರೆ ಕಾಲು ಮುರೀತೀನಿ." ತಾಯಿಯದು ಬೇರೆ ಚಿಂತೆ: ಊರಿಗೆಲ್ಲ ಗೊತ್ತಾದರೆ ನಾಳೆ ಇವನಿಗೆ ಹೆಣ್ಣು ಕೊಡುವವರು ಯಾರು?

ಈ ಭಯ ಕಾನೂನಿನಲ್ಲೂ ಇತ್ತು. ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಬುದ್ಧಿಭ್ರಮಣೆಯ ಪಕ್ಕದಲ್ಲೇ ಇಟ್ಟಿದ್ದರು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಕಾನೂನು ಬಿಟ್ಟರೂ ನಾವು ಬಿಟ್ಟಿಲ್ಲ. ಇದು ದೆವ್ವದ ಕಾಟವಲ್ಲ, ಅಂಟುರೋಗವಲ್ಲ. ಮಿದುಳಿನ ವಿದ್ಯುತ್ ಸಂಚಾರದಲ್ಲಿ ಆಗುವ ತಾತ್ಕಾಲಿಕ ಏರುಪೇರು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70ರಷ್ಟು ಜನ ಫಿಟ್ಸ್ ಇಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಕ್ಷಿಣ ಆಫ್ರಿಕದ ಜಾಂಟಿ ರೋಡ್ಸ್ ಅವರಿಗೂ ಈ ಕಾಯಿಲೆ ಇದೆ. 1992ರ ವಿಶ್ವಕಪ್ಪಿನಲ್ಲಿ ವಿಕೆಟ್ಟಿನ ಮೇಲೆ ಹಾರಿ ಬಿದ್ದು ಇಂಜಮಾಮರನ್ನು ರನ್‌ಔಟ್ ಮಾಡಿದವರು ಅವರೇ. ತಮ್ಮ ಕಾಯಿಲೆಯನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡವರು.

"ಬೇಡ ಅಂದರೆ ಕದ್ದು ಹೋಗುತ್ತಾನೆ, ಇಷ್ಟು ದಿನ ಹೋದದ್ದೂ ಹಾಗೆಯೇ. ಕದ್ದು ಹೋದವನನ್ನು ಕಾಯುವವರು ಯಾರು?" ಎಂದು ನಾನು ಕೇಳಿದೆ. ಕೊನೆಗೆ ಮೂವರೂ ನರರೋಗ ವೈದ್ಯರಲ್ಲಿಗೆ ಹೋದೆವು.

ವೈದ್ಯರು ಹಾಕಿದ ಕಟ್ಟಳೆ

ಅವರು ಹುಡುಗನನ್ನು ಬೈಯಲಿಲ್ಲ. ಈಜು ಎಂದೆಂದಿಗೂ ಬೇಡವೆಂದೂ ಹೇಳಲಿಲ್ಲ. ಫಿಟ್ಸ್ ಪೂರ್ತಿ ಹತೋಟಿಗೆ ಬಂದು, ತಾವು ಒಪ್ಪುವವರೆಗೆ ನೀರಿಗಿಳಿಯಬಾರದೆಂದರು. ಆಮೇಲೂ ಪಾಲಿಸಬೇಕಾದದ್ದನ್ನು ಒಂದೊಂದಾಗಿ ತಿಳಿಸಿದರು.

ಮೊದಲನೆಯದು ಮಾತ್ರೆ. ನಮ್ಮವರಿಗೆ ಇದನ್ನು ಬೋರ್ಡೋ ದ್ರಾವಣದ ಲೆಕ್ಕದಲ್ಲಿ ಹೇಳಿದರೆ ತಿಳಿಯುತ್ತದೆ. ಮಳೆಗೆ ಮುಂಚೆ ಒಮ್ಮೆ ಔಷಧಿ ಹೊಡೆದು, 40-45 ದಿನದ ಮೇಲೆ ಹೊಡೆಯಬೇಕಾದ ಎರಡನೆಯದನ್ನು ತಪ್ಪಿಸಿದರೆ ಕೊನೆ ಉಳಿಯುತ್ತದೆಯೇ? ಗೊನೆ ಚೆನ್ನಾಗಿ ಕಾಣುತ್ತಿದೆ, ಇನ್ನು ಸಾಕು ಎನ್ನುವವನಿಗೇ ಕೊಳೆ ಬಡಿಯುವುದು. ಫಿಟ್ಸ್ ಬಂದಿಲ್ಲವೆಂದು ಮಾತ್ರೆ ಬಿಡುವುದೂ ಅಷ್ಟೇ. ಬಿಡುವುದಿದ್ದರೆ ವೈದ್ಯರು ಹೇಳಬೇಕು.

ಎರಡನೆಯದು ನಿದ್ದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಿಗ್ಗೆ ಹೊಳೆಗಿಳಿಯುವ ಅಭ್ಯಾಸ ನಮ್ಮಲ್ಲಿದೆ. ಈ ಕಾಯಿಲೆಯವರಿಗೆ ಅದು ಕೂಡದು. ಮದ್ಯ, ಜ್ವರ, ನಿದ್ದೆಗೇಡು, ತಪ್ಪಿದ ಮಾತ್ರೆ ಇವುಗಳಲ್ಲಿ ಒಂದಿದ್ದರೂ ಆ ದಿನ ದಡದಲ್ಲೇ ಇರಬೇಕು.

ಮೂರನೆಯದು ಜತೆ. ಕಾಯಿಲೆಯ ವಿಚಾರ ತಿಳಿದ, ಈಜು ಬಲ್ಲ, ಎತ್ತಿ ತರುವ ಶಕ್ತಿಯಿರುವ ಒಬ್ಬ ದೊಡ್ಡವನು ಕಣ್ಣು ಕೀಳದೆ ನೋಡುತ್ತಿರಬೇಕು. ಏನೂ ತಿಳಿಯದ ಹತ್ತು ಜನರಿದ್ದರೂ ಒಂಟಿಯಾಗಿ ಹೋದಂತೆಯೇ.

ನಾಲ್ಕನೆಯದು ಜಾಗ. ತಳ ಕಾಣುವ, ಎದೆಮಟ್ಟದ, ಸೆಳೆತವಿಲ್ಲದ ನೀರೇ ಆಗಬೇಕು. ಕಾವಲುಗಾರನಿರುವ ಈಜುಕೊಳ ಇನ್ನೂ ಮೇಲು. ಮಳೆಗಾಲದಲ್ಲಿ ತುಂಗೆಯ ಮಾತೇ ಬೇಡ. ಗಾಜನೂರಿನಲ್ಲಿ ಬಾಗಿಲು ತೆರೆದರೆ ಇಲ್ಲಿ ನೀರು ಏರುತ್ತದೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳ ಹಾಕುವವರು ಬಂಡೆಯ ತುದಿ ಬಿಟ್ಟು, ನೀರಿನಿಂದ ಹಿಂದೆ ಸರಿದು ಸಮತಟ್ಟಾದ ದಡದಲ್ಲಿ ಕೂರಬೇಕು. ದೋಣಿ, ತೆಪ್ಪ ಹತ್ತುವುದಾದರೆ ಮುಖ ಮೇಲಾಗಿ ತೇಲಿಸುವ ಲೈಫ್ ಜಾಕೆಟ್ ತೊಡಲೇಬೇಕು.

ನೀರಿನಲ್ಲಿ ಫಿಟ್ಸ್ ಬಂದರೆ

ಜತೆಯವನು ಹಿಂದಿನಿಂದ ಹಿಡಿದು ಮುಖವನ್ನು ನೀರಿನ ಮೇಲೆ ಎತ್ತಿ ಹಿಡಿಯಬೇಕು. ಅದುರುವುದನ್ನು ಬಲವಂತವಾಗಿ ತಡೆಯಬಾರದು. ನಿಂತ ಮೇಲೆ ದಡಕ್ಕೆ ತಂದು ಮಗ್ಗುಲಿಗೆ ಮಲಗಿಸಬೇಕು. ಉಸಿರಾಟ ಇಲ್ಲದಿದ್ದರೆ ತಕ್ಷಣ ಕೃತಕ ಉಸಿರಾಟ ಕೊಟ್ಟು ಎದೆ ಒತ್ತಲು ತೊಡಗಬೇಕು. ಕಾವಲಿರುವವನು ಇದನ್ನು ಮೊದಲೇ ಕಲಿತಿರಬೇಕು. ಹುಷಾರಾಗಿ ಕಂಡರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶಕ್ಕೆ ನೀರು ಹೋಗಿರಬಹುದು. ನೆಲದ ಮೇಲಾದರೆ, ಐದು ನಿಮಿಷ ಮೀರಿದರೂ ನಿಲ್ಲದಿದ್ದಲ್ಲಿ ಅಥವಾ ಎಚ್ಚರವಾಗದೆ ಮತ್ತೆ ಬಂದಲ್ಲಿ 108ಕ್ಕೆ ಕರೆ ಮಾಡಿ. ಬೀಗದ ಕೈ, ಚಪ್ಪಲಿ, ಈರುಳ್ಳಿ ಯಾವುದೂ ಬೇಡ. ಬಾಯಿಗೆ ಚಮಚ, ನೀರು ಸರ್ವಥಾ ಕೂಡದು.

ಬಚ್ಚಲಿನಲ್ಲೂ ಎಚ್ಚರ

ಹೊಳೆಗೆ ಹೋಗದವರೂ ಇದನ್ನು ಓದಬೇಕು. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗಲೇ ಬರುವ ಫಿಟ್ಸ್ ಒಂದಿದೆ. ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಕರ್ನಾಟಕದಲ್ಲಿ ಅದು ಹೆಚ್ಚಾಗಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1988ರಲ್ಲೇ ಇಂತಹ 279 ರೋಗಿಗಳ ವಿವರ ಪ್ರಕಟಿಸಿದ್ದಾರೆ. ಹಂಡೆಯ ಕುದಿನೀರು ತಲೆಗೆ ಹೊಯ್ದುಕೊಳ್ಳುವ ಮಲೆನಾಡಿನವರು ಇದನ್ನು ಅರಿತಿರಬೇಕು. ಅಂಥವರು ಉಗುರುಬೆಚ್ಚಗಿನ ನೀರು ಬಳಸಲಿ, ಹಂಡೆಯ ಒಲೆಯಿಂದ ದೂರ ಕೂರಲಿ, ಬಚ್ಚಲಿನ ಚಿಲಕ ಹಾಕದಿರಲಿ. ಇದಕ್ಕೂ ಔಷಧಿಯಿದೆ.

ಆ ಹುಡುಗ ಇನ್ನೂ ನೀರಿಗಿಳಿದಿಲ್ಲ. ಅವನಿಗೆ ಬೇಸರವಿದೆ, ನನ್ನ ಮೇಲೆ ಸ್ವಲ್ಪ ಸಿಟ್ಟೂ ಇದೆ. ಆದರೆ ಗೆಳೆಯರಿಗೆ ತಾನೇ ಹೇಳಿದ್ದಾನೆ. ಒಬ್ಬನೂ ದೂರ ಸರಿಯಲಿಲ್ಲವಂತೆ. ಕಳೆದ ಭಾನುವಾರ ದಡದಲ್ಲಿ ಕೂತು ಗಾಳ ಹಾಕಿದ. ಪಕ್ಕದಲ್ಲಿ ಅವನ ಅಪ್ಪಯ್ಯನೂ ಕೂತಿದ್ದರು. ಮೀನು ಸಿಗಲಿಲ್ಲವೆಂದು ಕೇಳಿದೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಅವರು ಹೊಳೆಗೆ ಹೋಗುವಾಗ, ಏಣಿ ಹತ್ತುವಾಗ ಜತೆಗಿರುವವರಿಗೆ ದಯವಿಟ್ಟು ವಿಷಯ ತಿಳಿಸಿ. ನನ್ನ ಗೆಳೆಯನ ವಿಚಾರದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

— ಕಾರ್ಯದರ್ಶಿ