ಇಳಿದ ಬೆಲೆ, ಇಳಿಯದ ಖರ್ಚು

ಇಂದಿರಾನಗರದ ಹಳೆ ಕಾರುಗಳ ಮಳಿಗೆಯೊಂದರಲ್ಲಿ ಎಂಟು ವರ್ಷ ಓಡಿದ ಜರ್ಮನ್ ಸೆಡಾನ್ ನಿಂತಿದೆ ಎಂದಿಟ್ಟುಕೊಳ್ಳಿ. ಹೊಸದಾಗಿದ್ದಾಗ ಅದರ ಬೆಲೆ 60 ಲಕ್ಷ ರೂಪಾಯಿ. ಈಗ ಹೇಳುತ್ತಿರುವುದು 15 ಲಕ್ಷ. ಬಾಗಿಲು ಮುಚ್ಚಿದಾಗ ಬರುವ ಮೆತ್ತನೆಯ ಸದ್ದು, ತೊಗಲಿನ ಆಸನ, ಬಾನೆಟ್ಟಿನ ಮೇಲಿನ ಲಾಂಛನ, ಇಷ್ಟು ಕಂಡ ಮೇಲೆ ಲೆಕ್ಕ ಹಾಕುವ ತಾಳ್ಮೆ ಎಷ್ಟು ಜನರಿಗೆ ಉಳಿದೀತು? ಆದರೆ ಲೆಕ್ಕ ಶುರುವಾಗುವುದೇ ಅಲ್ಲಿಂದ. ವಯಸ್ಸಾದಂತೆ ಇಳಿಯುವುದು ಕಾರಿನ ಬೆಲೆ. ಅದರ ಬಿಡಿಭಾಗಗಳು 60 ಲಕ್ಷದ ಕಾರಿನವಾಗಿಯೇ ಉಳಿದಿರುತ್ತವೆ, ತೆರಿಗೆಯ ಲೆಕ್ಕವೂ ಅಷ್ಟೇ.

ಹಿಂದೆ ಈ ಅಂತರ ಇಷ್ಟಿರಲಿಲ್ಲ. ಹಿಂದೂಸ್ತಾನ್ ಮೋಟಾರ್ಸ್ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸಾ ನಮ್ಮಲ್ಲಿ ಬಹುಕಾಲ ದೊಡ್ಡಸ್ತಿಕೆಯ ಕಾರಾಗಿತ್ತು. ಅದರ ಮೊದಲ ಮಾದರಿಗಳಲ್ಲಿ ಇದ್ದುದು ಅಂಬಾಸಿಡರಿನ ಎಂಜಿನ್ನೇ. ಅಂಬಾಸಿಡರ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇದನ್ನೂ ಸುಧಾರಿಸುತ್ತಿದ್ದ. 1995ರಲ್ಲಿ ಮರ್ಸಿಡಿಸ್ ಬೆಂಜ್ ಪುಣೆಯಲ್ಲಿ ಕಾರು ಜೋಡಿಸತೊಡಗಿದ ಮೇಲೆ ಒಂದೊಂದಾಗಿ ವಿದೇಶಿ ಕಂಪನಿಗಳು ಬಂದವು. ಕಾರಿನೊಳಗೆ ಕಂಪ್ಯೂಟರುಗಳೂ ಬಂದವು.

ಮೆಕ್ಯಾನಿಕ್ಕಿನ ಕೈಚಳಕಕ್ಕೆ ಕಷ್ಟ ಎದುರಾದುದು ಆಗಲೇ. ದಂಡು ಪ್ರದೇಶದ ಶಿವಾಜಿನಗರದಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುವ ಗುಜರಿ ಅಂಗಡಿಗಳ ಸಾಲೇ ಇದೆ. ಬಾಗಿಲು, ಕನ್ನಡಿ, ದೀಪ, ರೇಡಿಯೇಟರು ಅಲ್ಲಿ ಹೊಸದರ ಬೆಲೆಯ ಒಂದು ಪಾಲಿಗೆ ಸಿಕ್ಕೀತು. ಆದರೆ ಈಗಿನ ಐಷಾರಾಮಿ ಕಾರುಗಳಲ್ಲಿ ಗೇರ್‌ಬಾಕ್ಸನ್ನು ಹಿಡಿತದಲ್ಲಿಡುವ ವಿದ್ಯುನ್ಮಾನ ಘಟಕದಂಥವು ಒಂದೊಂದು ಕಾರಿಗೂ ಬೇರೆಬೇರೆಯಾಗಿ ಹೊಂದಿಕೆಯಾಗಿರುತ್ತವೆ. ಇನ್ನೊಂದು ಕಾರಿನಿಂದ ಕಿತ್ತು ತಂದರೆ ಕಂಪನಿಯ ತಂತ್ರಾಂಶದ ನೆರವಿಲ್ಲದೆ ಅದು ಮಾತಾಡದು. ಸ್ಪ್ರಿಂಗಿನ ಬದಲು ಗಾಳಿಚೀಲದ ಮೇಲೆ ನಿಲ್ಲುವ ಕಾರಾದರೆ ಆ ಚೀಲದ ರಬ್ಬರಿಗೂ ಆಯುಷ್ಯವುಂಟು. ಮೊದಲ ಮಾಲೀಕ ಕಾರು ಮಾರಲು ಹೊರಡುವುದು ಬಹುಮಟ್ಟಿಗೆ ಅದು ಮುಗಿಯುವ ಹೊತ್ತಿಗೇ. ಆನೆ ಇದ್ದರೂ ಸಾವಿರ, ಬಿದ್ದರೂ ಸಾವಿರ ಎಂಬ ಗಾದೆ ಮಾರುವವನಿಗೆ ಒಪ್ಪುತ್ತದೆ. ಸಾಕುವವನ ಗಾದೆಯೇ ಬೇರೆ.

ಇನ್ನು ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅದರ ಮೇಲೆ ಸೆಸ್. ಇಲ್ಲೇ ನೋಂದಣಿಯಾದ ಕಾರು ಕೈ ಬದಲಿಸಿದರೆ ಮತ್ತೆ ಕಟ್ಟಬೇಕಿಲ್ಲ. ಹೊರರಾಜ್ಯದ್ದಾದರೆ ಕಟ್ಟಬೇಕು. ವಯಸ್ಸಿಗೆ ತಕ್ಕಂತೆ ವಿನಾಯಿತಿ ಇದೆ, ನಿಜ. ಆದರೆ ಲೆಕ್ಕ ಹಿಡಿಯುವುದು ಕೊಂಡ ಬೆಲೆಗಲ್ಲ, ಮೂಲ ಬೆಲೆಗೆ. 60 ಲಕ್ಷದ ಕಾರಿಗೆ ಪೂರ್ಣ ತೆರಿಗೆ 10.8 ಲಕ್ಷ, ಎಂಟು ವರ್ಷ ದಾಟಿದ್ದರೂ ಅದರ ಅರ್ಧದ ಆಸುಪಾಸು. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬಲ ಕೊಟ್ಟಿತು. ಅಲ್ಲಿ ಬೆಲೆ ಕುಸಿದ ಕಾರುಗಳು ಅಗ್ಗವಾಗಿ ಕಂಡದ್ದು ಈ ಒಂದು ಸಾಲನ್ನು ಲೆಕ್ಕಕ್ಕೆ ಸೇರಿಸದವರಿಗೆ.

ಅಗ್ಗದ ದಾರಿ ಹುಡುಕುವವರು ಹೊರರಾಜ್ಯದ ಫಲಕವನ್ನೇ ಉಳಿಸಿಕೊಂಡು ಓಡಾಡುವುದುಂಟು. ಹನ್ನೆರಡು ತಿಂಗಳು ಮೀರಿ ಇಲ್ಲೇ ಇದ್ದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಲ್ಲಿನ ನೋಂದಣಿ ಕಡ್ಡಾಯ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ವಶಕ್ಕೆ ಪಡೆದ ಕಾರುಗಳಲ್ಲಿ ನಟ ಅಮಿತಾಭ್ ಬಚ್ಚನ್ ಹೆಸರಿನ ಒಂದು ರೋಲ್ಸ್ ರಾಯ್ಸ್ ಕೂಡ ಇತ್ತು. ನಟ ಅದನ್ನು 2019ರಲ್ಲೇ ಮಾರಿದ್ದರು; ನೋಂದಣಿ ಮಾತ್ರ ಅವರ ಹೆಸರಿನಿಂದ ಕದಲಿರಲಿಲ್ಲ.

ನಗರದ ಪೂರ್ವಭಾಗದಲ್ಲಿ ಕಾರು ನೋಡಹೋಗುವವರು ಇನ್ನೊಂದು ವರ್ಷವನ್ನೂ ನೆನಪಿಡಬೇಕು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸಿರಿವಂತ ಬಡಾವಣೆಗಳು ಮುಳುಗಿ, ಬೆಲೆಬಾಳುವ ಕಾರುಗಳು ನೀರಲ್ಲಿ ನಿಂತ ಚಿತ್ರ ದೇಶವೆಲ್ಲ ನೋಡಿತು. ವಿಮೆಯ ಲೆಕ್ಕದಲ್ಲಿ ಐದು ವರ್ಷ ತುಂಬುವ ಹೊತ್ತಿಗೆ ಕಾರಿನ ಮೌಲ್ಯ ಅರ್ಧಕ್ಕೆ ಇಳಿದಿರುತ್ತದೆ. ದುರಸ್ತಿ ವೆಚ್ಚ ಆ ಮೌಲ್ಯದ ಶೇ 75 ಮೀರಿದರೆ ಕಾರು ಪೂರ್ಣ ನಷ್ಟವೆಂದು ಪರಿಗಣನೆಯಾಗುತ್ತದೆ. ಮೌಲ್ಯ ಇಳಿದು ಬಿಡಿಭಾಗ ತುಟ್ಟಿಯಾಗಿಯೇ ಉಳಿದ ಕಾರು ಈ ಗೆರೆ ದಾಟಲು ಕುತ್ತಿಗೆಮಟ್ಟದ ನೀರೇನೂ ಬೇಕಿಲ್ಲ. ಆಸನದ ಕೆಳಗಿನ ತಂತಿಗಳು ತೊಯ್ದರೂ ಸಾಕು. ಇಂಥವು ಹರಾಜಾಗುತ್ತವೆ. ಕೆಲವು ಗುಜರಿ ಸೇರುತ್ತವೆ. ಇನ್ನು ಕೆಲವು ಒಣಗಿ, ತೊಳೆದು, ಸುಗಂಧ ಪೂಸಿಕೊಂಡು ಮರಳುತ್ತವೆ. ತಂತಿಯ ಕೀಲುಗಳು ತುಕ್ಕು ಹಿಡಿದು ತೊಂದರೆ ಕೊಡುವುದು ತಿಂಗಳುಗಳ ನಂತರ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡುವುದು ಹಳೆಯ ಉಪಾಯ: ತೊಳೆಯುವವರ ಕೈ ಅಷ್ಟು ಒಳಗೆ ಹೋಗಿರುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಳಿಯನ್ನೂ ನೋಡಬೇಕು. ವಿಮಾ ಕಂಪನಿಯಿಂದ ಹಳೆಯ ಕ್ಲೇಮುಗಳ ವಿವರ, ಕಂಪನಿಯ ಸರ್ವೀಸ್ ದಾಖಲೆ ಕೇಳಿದರೆ ದಲ್ಲಾಳಿಯ ಮುಖವೂ ಸ್ವಲ್ಪ ಹೇಳುತ್ತದೆ.

ಕೊನೆಗೆ ಕಾಗದ. ಕೆಎ-03 ಎಂದರೆ ಬೆಂಗಳೂರು ಪೂರ್ವ, ಕೆಎ-53 ಎಂದರೆ ಕೆ.ಆರ್.ಪುರ, ಕಚೇರಿ ಯಾವುದಾದರೂ ನಮೂನೆ 29 ಮತ್ತು 30 ತುಂಬಿಯೇ ಹೆಸರು ಬದಲಾಗಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. ಸಾಲವಿದ್ದ ಕಾರಾದರೆ ಅದು ತೀರಿತೆಂಬ ನಮೂನೆ 35 ಬೇರೆ. ಹಲವು ಕೈ ದಾಟಿದ ಕಾರೊಂದು ಅಪಘಾತ ಮಾಡಿದಾಗ, ದಾಖಲೆಯಲ್ಲಿ ಹೆಸರು ಉಳಿದಿದ್ದ ಮೊದಲ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಖಾಲಿ ನಮೂನೆಗೆ ಸಹಿ ಹಾಕಿ ದಲ್ಲಾಳಿಯ ಕೈಗಿಟ್ಟು ನಿಶ್ಚಿಂತರಾಗಿರುವವರು ಇಂದಿಗೂ ಇದ್ದಾರೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಆರ್‌ಟಿಒ ಅಧಿಕಾರಪತ್ರ ಪಡೆದ ಮಾರಾಟಗಾರನಿಗೆ ಕಾರು ಒಪ್ಪಿಸಿ ಅದನ್ನು ದಾಖಲಿಸಿದರೆ, ಅದು ಮತ್ತೊಬ್ಬರಿಗೆ ಹೋಗುವವರೆಗೆ ಆತನನ್ನೇ ಮಾಲೀಕನೆಂದು ಎಣಿಸಲಾಗುತ್ತದೆ. ಆ ಅಧಿಕಾರಪತ್ರ ಅಂಗಡಿಯಲ್ಲಿ ಇದೆಯೇ ಎಂದು ಕೇಳಲು ಬಾನೆಟ್ ಎತ್ತಿಸುವ ಅಗತ್ಯವೂ ಇಲ್ಲ.